ಮನೆಯೊಳಗಿನ ಕಾಣದ ರಿಮೋಟ್ ಆಕ್ಸೆಸ್: ಸ್ಮಾರ್ಟ್ ಸಾಧನಗಳ ಫರ್ಮ್‌ವೇರನ್ನು ಯಾವ ಅಳತೆಯಿಂದ ಅಳೆಯಬೇಕು?

ಪರಿಚಯವಿಲ್ಲದವರು ಫೋನ್ ಮಾಡಿ, "ಈ ಆಪ್ ಹಾಕಿಕೊಳ್ಳಿ, ತೆರೆಯ ಮೇಲೆ ಒಂದು ನಂಬರ್ ಬರುತ್ತದೆ, ಅದನ್ನು ಹೇಳಿ" ಎಂದರೆ ಈಗ ಎಷ್ಟೋ ಜನ ಎಚ್ಚೆತ್ತುಕೊಳ್ಳುತ್ತಾರೆ. ಟೀಮ್‌ವ್ಯೂವರ್, ಎನಿಡೆಸ್ಕ್‌ನಂಥ ರಿಮೋಟ್ ಆಕ್ಸೆಸ್ ಸಾಫ್ಟ್‌ವೇರ್ ಹಾಕಿಕೊಂಡು ನಂಬರ್ ಕೊಟ್ಟರೆ ಕಂಪ್ಯೂಟರನ್ನೇ ಇನ್ನೊಬ್ಬರ ಕೈಗೆ ಕೊಟ್ಟಂತೆ ಎಂಬ ಅರಿವು, ಹಣ ಕಳೆದುಕೊಂಡವರ ಕಥೆಗಳಿಂದಲಾದರೂ, ಹರಡಿದೆ. ಅದೇ ಜನ ಹೊಸ ಕ್ಯಾಮೆರಾವನ್ನೋ ಸ್ಮಾರ್ಟ್ ಪ್ಲಗ್ಗನ್ನೋ ಡಬ್ಬಿಯಿಂದ ತೆಗೆದು, ವೈಫೈ ಪಾಸ್‌ವರ್ಡ್ ಕೊಟ್ಟು, ಖಾತೆ ತೆರೆದು, ಮರುದಿನದ ಹೊತ್ತಿಗೆ ಅದನ್ನು ಮರೆತೇ ಬಿಡುತ್ತಾರೆ. ಆ ಕ್ಯಾಮೆರಾದೊಳಗಿನ ಫರ್ಮ್‌ವೇರ್, ಅಂದರೆ ಸಾಧನವನ್ನು ನಡೆಸಲು ಅದರೊಳಗೇ ತುಂಬಿಟ್ಟ ಸಾಫ್ಟ್‌ವೇರ್, ಮಾಡುವುದೂ ಬುಡದಲ್ಲಿ ಆ ಆಪ್ ಮಾಡುವ ಕೆಲಸವನ್ನೇ: ಮನೆಯ ಹೊರಗಿರುವವರಿಗೆ ಒಳಗಿನ ಯಂತ್ರದ ಮೇಲೆ ಹಿಡಿತ ಕೊಡುವುದು. ಒಂದನ್ನು ಅನುಮಾನದಿಂದಲೂ ಇನ್ನೊಂದನ್ನು ನಂಬಿಕೆಯಿಂದಲೂ ನೋಡುವುದಕ್ಕೆ ತಾಂತ್ರಿಕ ಆಧಾರ ಹೆಚ್ಚೇನಿಲ್ಲ. ರಿಮೋಟ್ ಆಕ್ಸೆಸ್ ಸಾಫ್ಟ್‌ವೇರಿಗೆ ಕೇಳುವ ಪ್ರಶ್ನೆಗಳನ್ನೇ ಫರ್ಮ್‌ವೇರಿಗೂ ಕೇಳಬೇಕು ಎಂಬುದು ಈ ಲೇಖನದ ವಾದ. ಯಾರು ಒಳಗೆ ಬರಬಹುದು? ಬಂದದ್ದು ನನಗೆ ಗೊತ್ತಾಗುತ್ತದೆಯೇ? ಬೇಡವೆಂದಾಗ ಬಾಗಿಲು ಹಾಕಬಹುದೇ?

ಎರಡೂ ಹೊರಗೆ ಹೋಗಿ ಕಾಯುತ್ತವೆ

ಸಾಮಾನ್ಯವಾಗಿ ಮನೆಯ ರೂಟರ್ ಹೊರಗಿನಿಂದ ತಾನಾಗಿ ಬರುವ ಸಂಪರ್ಕಗಳನ್ನು ಒಳಗೆ ಬಿಡುವುದಿಲ್ಲ. ಒಳಗಿನ ಸಾಧನವೇ ಹೊರಗೆ ಹೋಗಿ ಮಾತು ಶುರು ಮಾಡಿದ್ದರೆ ಮಾತ್ರ ಅದರ ಉತ್ತರಕ್ಕೆ ದಾರಿ ಕೊಡುತ್ತದೆ. 1990ರ ದಶಕದ ಕೊನೆಗೆ ವಿಎನ್‌ಸಿ, ಮೈಕ್ರೋಸಾಫ್ಟಿನ ಆರ್‌ಡಿಪಿ ಎಂಬ ರಿಮೋಟ್ ಆಕ್ಸೆಸ್ ವ್ಯವಸ್ಥೆಗಳು ಬಂದ ಕಾಲದ ವಿಧಾನದಲ್ಲಿ ದೂರದಿಂದ ಕಂಪ್ಯೂಟರ್ ನಡೆಸಬೇಕೆಂದರೆ ರೂಟರಿನಲ್ಲಿ ಪೋರ್ಟ್ ಎಂಬ ಒಂದು ಬಾಗಿಲು ತೆರೆದಿಡಬೇಕಾಗುತ್ತಿತ್ತು. ಇಂದಿನ ಸಾಫ್ಟ್‌ವೇರಿಗೆ ಅದು ಬೇಡ. ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂ ತಾನೇ ತಯಾರಕರ ಸರ್ವರಿಗೆ ಹೋಗಿ ತನ್ನ ನಂಬರ್ ಬರೆಸಿ, ಆ ಸಂಪರ್ಕವನ್ನು ಬಿಡದೆ ಹಿಡಿದುಕೊಂಡು ಕಾಯುತ್ತದೆ. ಆ ನಂಬರ್ ಕೇಳಿಕೊಂಡು ಇನ್ನೊಬ್ಬರು ಬಂದಾಗ ಸರ್ವರ್ ಇಬ್ಬರನ್ನೂ ಜೋಡಿಸುತ್ತದೆ. ಸಾಧ್ಯವಾದರೆ ಎರಡೂ ಕಡೆಯವರು ಒಂದೇ ಹೊತ್ತಿಗೆ ಹೊರಗೆ ಪ್ಯಾಕೆಟ್ ಕಳಿಸುವಂತೆ ಮಾಡಿ ನೇರ ದಾರಿ ಕೊರೆಯುತ್ತದೆ. ಆಗದಿದ್ದರೆ ತಾನೇ ನಡುವೆ ನಿಂತು ಎಲ್ಲವನ್ನೂ ದಾಟಿಸುತ್ತದೆ.

ವೈಫೈ ಬಲ್ಬಿನದೂ ಇದೇ ದಾರಿ. ಒಳಗೆ ಇಎಸ್‌ಪಿ32ನಂಥ ಒಂದು ಸಣ್ಣ ಚಿಪ್, ಕೆಲವೇ ಎಂಬಿ ಫ್ಲ್ಯಾಶ್ ಮೆಮೊರಿ, ಅರ್ಧ ಎಂಬಿಯಷ್ಟು ರ‍್ಯಾಮ್. ಕರೆಂಟು ಬಂದ ಕೂಡಲೇ ಫರ್ಮ್‌ವೇರ್ ವೈಫೈಗೆ ಸೇರಿ, ತಯಾರಕರ ಸರ್ವರಿಗೆ ಗೂಢಲಿಪಿಯ ಸಂಪರ್ಕ ಮಾಡಿ, ಹೆಚ್ಚಾಗಿ ಎಂಕ್ಯೂಟಿಟಿ ಎಂಬ ಪ್ರೋಟೋಕಾಲ್‌ನಲ್ಲಿ, ತನಗೆ ಬರುವ ಆದೇಶಗಳಿಗಾಗಿ ಕಾಯುತ್ತದೆ. ಉಪಗ್ರಹದ ಮೂಲಕ ತೈಲದ ಪೈಪ್‌ಲೈನುಗಳ ಮೇಲೆ ನಿಗಾ ಇಡಲು 1999ರಲ್ಲಿ ರೂಪಿಸಿದ ಪ್ರೋಟೋಕಾಲ್ ಅದು. ಹಾಸಿಗೆಯಲ್ಲಿ ಮಲಗಿಯೇ ಪಕ್ಕದ ದೀಪ ಆರಿಸಲು ಫೋನ್ ಒತ್ತಿದಾಗ, ಕ್ಲೌಡನ್ನು, ಅಂದರೆ ತಯಾರಕರ ದೂರದ ಸರ್ವರನ್ನು, ನಂಬಿದ ಸಾಧನಗಳಲ್ಲಿ ಆ ಆದೇಶ ಎಲ್ಲೋ ಇರುವ ಡೇಟಾ ಸೆಂಟರಿಗೆ ಹೋಗಿ ಮತ್ತೆ ಅದೇ ಕೋಣೆಗೆ ಬರುತ್ತದೆ.

ಕ್ಯಾಮೆರಾಗಳಲ್ಲಂತೂ ಹೋಲಿಕೆ ಅಕ್ಷರಶಃ ನಿಜ. ವಿಡಿಯೋ ಭಾರವಾದ್ದರಿಂದ ಎಲ್ಲವನ್ನೂ ತಮ್ಮ ಸರ್ವರಿನ ಮೂಲಕ ದಾಟಿಸುವ ಖರ್ಚು ತಯಾರಕರಿಗೆ ಬೇಡ. ಹಾಗಾಗಿ ಅಗ್ಗದ ಎಷ್ಟೋ ಕ್ಯಾಮೆರಾಗಳು ಪೀರ್-ಟು-ಪೀರ್ (ಎರಡು ಯಂತ್ರಗಳ ನಡುವಿನ ನೇರ) ಜೋಡಣೆಯ ಸಿದ್ಧ ಲೈಬ್ರರಿಯೊಂದನ್ನು, ಅಂದರೆ ಬರೆದಿಟ್ಟ ಕೋಡಿನ ಕಂತೆಯನ್ನು, ಬೇರೆ ಕಂಪನಿಯಿಂದ ತಂದು ಫರ್ಮ್‌ವೇರಿನಲ್ಲಿ ಸೇರಿಸಿಕೊಳ್ಳುತ್ತವೆ. ಪ್ರತಿ ಕ್ಯಾಮೆರಾಗೂ ಒಂದು ಗುರುತಿನ ಸಂಖ್ಯೆ, ಅದನ್ನು ಕೊಟ್ಟರೆ ಜೋಡಿಸುವ ಸರ್ವರ್. ಇದು ರಿಮೋಟ್ ಆಕ್ಸೆಸ್ ಸಾಫ್ಟ್‌ವೇರಿನ ವಿನ್ಯಾಸವೇ. ಆದರೆ ಅಲ್ಲಿ ಬೆಳೆದ ಎಚ್ಚರಿಕೆ ಇಲ್ಲಿಗೆ ಬರಲಿಲ್ಲ. 2019ರಲ್ಲಿ ಬಯಲಾದ, ಐಲಿಂಕ್‌ಪಿ2ಪಿ ಎಂಬ ಇಂಥ ಜೋಡಣೆಯ ಲೋಪದಲ್ಲಿ ಆ ಗುರುತಿನ ಸಂಖ್ಯೆಗಳನ್ನು ಊಹಿಸಿ ಪಟ್ಟಿ ಮಾಡಬಹುದಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಾಧನಗಳು ಹಾಗೆ ಸಿಕ್ಕವು. 2021ರ ಆಗಸ್ಟ್‌ನಲ್ಲಿ ಮ್ಯಾಂಡಿಯಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆ, ಇಂಥ ಜೋಡಣೆ ಒದಗಿಸುವ ಥ್ರೂಟೆಕ್ ಕಂಪನಿಯ 'ಕಲೇ' ಜಾಲದ ದೋಷವನ್ನು ಪ್ರಕಟಿಸಿತು. ಒಂದು ಕ್ಯಾಮೆರಾದ ಸಂಖ್ಯೆ ಗೊತ್ತಿರುವವರು ಅದೇ ಸಂಖ್ಯೆಯನ್ನು ತಮ್ಮ ಹೆಸರಿಗೆ ಮತ್ತೊಮ್ಮೆ ಬರೆಸಿದರೆ ಸಾಕು, ಸರ್ವರ್ ಹಳೆಯ ನೋಂದಣಿಯನ್ನು ಅಳಿಸಿ ಹೊಸದನ್ನು ನಂಬುತ್ತಿತ್ತು. ಮುಂದಿನ ಸಲ ಮನೆಯವರು ಆಪ್ ತೆರೆದಾಗ ಅವರ ಸಂಪರ್ಕ ದಾಳಿಕೋರರ ಕಡೆ ಹೋಗಿ, ಕ್ಯಾಮೆರಾದ ಬಳಕೆದಾರ ಹೆಸರು, ಪಾಸ್‌ವರ್ಡ್ ಅವರಿಗೆ ಸಿಗುತ್ತಿತ್ತು. ಆ ಜಾಲದಲ್ಲಿ 8.3 ಕೋಟಿ ಸಾಧನಗಳಿವೆ ಎಂದು ಕಂಪನಿಯೇ ಹೇಳಿಕೊಂಡಿತ್ತು. ಆ ಕ್ಯಾಮೆರಾಗಳನ್ನು ಕೊಂಡ ಯಾರೂ ಥ್ರೂಟೆಕ್ ಹೆಸರನ್ನು ಡಬ್ಬಿಯ ಮೇಲೆ ಓದಿರಲಾರರು. ರಿಮೋಟ್ ಆಕ್ಸೆಸ್ ಸಾಫ್ಟ್‌ವೇರ್ ಬಳಸುವವರಿಗೆ ಅದು ಯಾರದೆಂದಾದರೂ ಗೊತ್ತಿರುತ್ತದೆ.

ಕಾಣುವ ಸೆಷನ್, ಕಾಣದ ಸೆಷನ್

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂದು: ರಿಮೋಟ್ ಆಕ್ಸೆಸ್‌ನಲ್ಲಿ ಸೆಷನ್, ಅಂದರೆ ಒಂದು ಸಲದ ಸಂಪರ್ಕ, ಎಂಬುದಕ್ಕೆ ಶುರುವೂ ಕೊನೆಯೂ ಇರುತ್ತವೆ. ಒಬ್ಬರು ಬರಲು ಕೇಳುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ, ತೆರೆಯ ಮೂಲೆಯಲ್ಲಿ ಒಂದು ಪಟ್ಟಿ ಕಾಣುತ್ತದೆ, ಮೌಸ್ ತಾನಾಗಿ ಓಡಾಡುತ್ತದೆ, ಬೇಡವೆನಿಸಿದರೆ ಕಡಿದು ಹಾಕಬಹುದು. ಯಾವಾಗ ಯಾರು ಬಂದಿದ್ದರು ಎಂಬ ದಾಖಲೆಯೂ ಉಳಿಯುತ್ತದೆ. ಬಲ್ಬಿಗೆ, ಪ್ಲಗ್ಗಿಗೆ, ಬೀಗಕ್ಕೆ ತೆರೆಯೇ ಇಲ್ಲ. ಅದರ ಸಂಪರ್ಕ ವರ್ಷಗಟ್ಟಲೆ ತೆರೆದೇ ಇರುತ್ತದೆ. ಸರ್ವರಿನಿಂದ ಬಂದ ಆದೇಶ ಮನೆಯವರ ಫೋನಿನಿಂದ ಹೊರಟಿದ್ದೋ, ಕಂಪನಿಯ ಸಿಬ್ಬಂದಿಯಿಂದಲೋ, ಕಳ್ಳರಿಂದಲೋ ಎಂದು ಸಾಧನ ಬೇರ್ಪಡಿಸುವುದಿಲ್ಲ. ಸರ್ವರ್ ಹೇಳಿದ್ದೆಲ್ಲವೂ ಅದಕ್ಕೆ ಯಜಮಾನರ ಮಾತೇ.

ಕೆಲವು ಸಾಧನಗಳಲ್ಲಿ ಸೂಚನೆ ಇದ್ದರೂ ಅದು ಎಷ್ಟು ದುರ್ಬಲ ಎಂಬುದನ್ನು 2024ರಲ್ಲಿ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಇಕೋವ್ಯಾಕ್ಸ್ ಕಂಪನಿಯ ರೋಬೋಟ್‌ಗಳ ಕುರಿತು ಮಂಡನೆ ಮಾಡಿದ ಸಂಶೋಧಕರು ತೋರಿಸಿದರು. ಕ್ಯಾಮೆರಾ ನಡೆಯುತ್ತಿದೆ ಎಂದು ಆಗಾಗ ಧ್ವನಿಯಲ್ಲಿ ಹೇಳಬೇಕಾದ ಮಾದರಿಗಳಲ್ಲಿ ಆ ಧ್ವನಿ ಬರುವುದು ಸಾಧನದೊಳಗಿನ ಒಂದು ಆಡಿಯೋ ಫೈಲಿನಿಂದ. ಒಳಗೆ ನುಗ್ಗಿದವರು ಅದನ್ನು ಅಳಿಸಿದರೆ ಎಚ್ಚರಿಕೆ ಮುಗಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಕೆಲವು ನಗರಗಳಲ್ಲಿ ಆ ಕಂಪನಿಯ ಕಸ ಗುಡಿಸುವ ರೋಬೋಟ್‌ಗಳನ್ನು ಹ್ಯಾಕರ್‌ಗಳು ವಶಪಡಿಸಿಕೊಂಡು ಅವುಗಳ ಸ್ಪೀಕರಿನಿಂದ ಜನಾಂಗೀಯ ಬೈಗುಳ ಕೂಗಿಸಿದರು. ವಿಡಿಯೋ ನೋಡಲು ಕೇಳುತ್ತಿದ್ದ ಪಿನ್ ಅನ್ನು ಫೋನಿನ ಆಪ್ ಮಾತ್ರ ಪರೀಕ್ಷಿಸುತ್ತಿತ್ತು, ಸರ್ವರಾಗಲಿ ರೋಬೋಟಾಗಲಿ ಪರೀಕ್ಷಿಸುತ್ತಿರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ಆ ಮನೆಗಳವರಿಗೆ ವಿಷಯ ಗೊತ್ತಾದದ್ದು ನುಗ್ಗಿದವರು ತಾವೇ ಗದ್ದಲ ಮಾಡಿದ್ದರಿಂದ. ಸುಮ್ಮನೆ ನೋಡುತ್ತ ಕೂತಿದ್ದರೆ ಗೊತ್ತಾಗುವ ದಾರಿ ಯಾವುದಿತ್ತು?

ರಿಮೋಟ್ ಆಕ್ಸೆಸ್ ಸಾಫ್ಟ್‌ವೇರನ್ನು ಇಲ್ಲಿ ಪೂರ್ತಿ ಹೊಗಳುವಂತಿಲ್ಲ. ಯಾರೂ ಎದುರಿಗೆ ಇಲ್ಲದಾಗಲೂ ಒಳಬರುವ ಸೌಲಭ್ಯವನ್ನು ಒಮ್ಮೆ ಹಾಕಿಟ್ಟರೆ ಅದೂ ಫರ್ಮ್‌ವೇರಿನಂತೆ ಸದ್ದಿಲ್ಲದೆ ಹಿನ್ನೆಲೆಯಲ್ಲಿ ಕೂತುಬಿಡುತ್ತದೆ. ಇನ್‌ಸ್ಟಾಲ್ ಮಾಡದೆಯೇ ನಡೆಯುವ ಇಂಥ ಸಾಫ್ಟ್‌ವೇರನ್ನು ವಂಚಕರು ಬಳಸುತ್ತಿದ್ದಾರೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2023ರ ಜನವರಿಯಲ್ಲಿ ಎಚ್ಚರಿಸಿತ್ತು. ವಿಂಡೋಸ್ ಜೊತೆಗೇ ಬರುವ, ದೂರದಿಂದ ನೆರವಾಗುವ ಕ್ವಿಕ್ ಅಸಿಸ್ಟ್ ಪ್ರೋಗ್ರಾಮಿನ ದುರ್ಬಳಕೆಯನ್ನು 2024ರ ಮೇನಲ್ಲಿ ಮೈಕ್ರೋಸಾಫ್ಟ್ ವಿವರಿಸಿತು. ಒಂದೇ ಸೆಷನ್‌ನಲ್ಲಿ ಆಗುವ ಹಾನಿಯ ಲೆಕ್ಕದಲ್ಲಿ ಕಂಪ್ಯೂಟರೇ ಹೆಚ್ಚು ಅಪಾಯಕಾರಿ: ಬ್ಯಾಂಕ್ ಖಾತೆ, ಇಮೇಲ್, ಉಳಿಸಿಟ್ಟ ಪಾಸ್‌ವರ್ಡುಗಳು ಎಲ್ಲವೂ ಅಲ್ಲೇ ಇವೆ. ಬಲ್ಬನ್ನು ವಶಪಡಿಸಿಕೊಂಡವರಿಗೆ ಅದ್ಯಾವುದೂ ನೇರವಾಗಿ ಸಿಗುವುದಿಲ್ಲ. ಸಿಗುವುದು ಮನೆಯ ನೆಟ್‌ವರ್ಕಿನೊಳಗೆ ಕಾಲೂರಲು ಒಂದು ಜಾಗ, ಆ ಜಾಗದಲ್ಲಿ ಆಂಟಿವೈರಸ್ ಇಲ್ಲ, ಅಲ್ಲಿ ನಡೆಯುವುದನ್ನು ಯಾರೂ ನೋಡುವುದಿಲ್ಲ.

ಹಾಗೆ ಕಾಲೂರಿದ ದೊಡ್ಡ ಉದಾಹರಣೆ 2016ರ ಮಿರಾಯ್ ಎಂಬ ಮಾಲ್‌ವೇರ್, ಅಂದರೆ ಹಾನಿ ಮಾಡುವ ಪ್ರೋಗ್ರಾಂ. ಕ್ಯಾಮೆರಾಗಳು, ವಿಡಿಯೋ ರೆಕಾರ್ಡರುಗಳು, ರೂಟರುಗಳಲ್ಲಿ ತಯಾರಕರು ತೆರೆದಿಟ್ಟಿದ್ದ ಟೆಲ್‌ನೆಟ್‌ಗೆ ಹೋಗಿ, ಅರವತ್ತರ ಆಸುಪಾಸಿನಷ್ಟು ಕಾರ್ಖಾನೆ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು ಆ ಮಾಲ್‌ವೇರ್. ಟೆಲ್‌ನೆಟ್ ಎಂದರೆ ಹಳೆಯ ಕಾಲದ ರಿಮೋಟ್ ಆಕ್ಸೆಸ್ ಪ್ರೋಗ್ರಾಮೇ. ಕೊಂಡವರಿಗೆ ಹೇಳದೆ ಅದನ್ನು ಫರ್ಮ್‌ವೇರಿನೊಳಗೆ ಬಿಟ್ಟಿದ್ದರು. ಕೆಲವು ಸಾಧನಗಳಲ್ಲಿ ಮನೆಯವರು ವೆಬ್ ಪುಟದಲ್ಲಿ ಪಾಸ್‌ವರ್ಡ್ ಬದಲಾಯಿಸಿದರೂ ಟೆಲ್‌ನೆಟ್‌ನ ಪಾಸ್‌ವರ್ಡ್ ಬದಲಾಗುತ್ತಿರಲಿಲ್ಲ, ಏಕೆಂದರೆ ಅದನ್ನು ಫರ್ಮ್‌ವೇರಿನಲ್ಲೇ ಅಚ್ಚೊತ್ತಲಾಗಿತ್ತು. ಆ ವರ್ಷದ ಅಕ್ಟೋಬರ್ 21ರಂದು ಅದೇ ಸಾಧನಗಳ ಸೈನ್ಯ ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆಯ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್‌ನಂಥ ತಾಣಗಳನ್ನು ಗಂಟೆಗಟ್ಟಲೆ ಹಲವರಿಗೆ ಸಿಗದಂತೆ ಮಾಡಿತು. ಸಾಧನವನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಮಿರಾಯ್ ಮೆಮೊರಿಯಿಂದ ಅಳಿಸಿಹೋಗುತ್ತಿತ್ತು. ಆದರೆ ಬಾಗಿಲು ತೆರೆದೇ ಇದ್ದುದರಿಂದ ನಿಮಿಷಗಳಲ್ಲಿ ಮತ್ತೆ ಹೊಕ್ಕುತ್ತಿತ್ತು.

ಎಲ್ಲ ಮನೆಗೂ ಒಂದೇ ಬೀಗದ ಕೈ

ತಯಾರಕರ ಸರ್ವರ್ ನಡುವೆ ಇದ್ದಮೇಲೆ ಅಲ್ಲಿ ಆಗುವ ಒಂದು ತಪ್ಪು ಎಲ್ಲರ ಮನೆಗೂ ತಟ್ಟುತ್ತದೆ. ಎರಡೂ ಲೋಕಗಳಲ್ಲಿ ಇದು ನಡೆದಿದೆ. 2021ರ ಜುಲೈನಲ್ಲಿ ಕಸೇಯಾ ಕಂಪನಿಯ ದೂರನಿರ್ವಹಣಾ ಸಾಫ್ಟ್‌ವೇರಿನ ಲೋಪ ಬಳಸಿಕೊಂಡ ರೆವಿಲ್ ಎಂಬ ಹ್ಯಾಕರ್ ಗುಂಪು ಅರವತ್ತಕ್ಕಿಂತ ಕಡಿಮೆ ನೇರ ಗ್ರಾಹಕರ ಮೂಲಕ ಸುಮಾರು 1,500 ಸಂಸ್ಥೆಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. 2024ರ ಡಿಸೆಂಬರ್‌ನಲ್ಲಿ ಬಿಯಾಂಡ್‌ಟ್ರಸ್ಟ್ ಕಂಪನಿಯ ರಿಮೋಟ್ ಸಪೋರ್ಟ್ ಸೇವೆಯ ಒಂದು ಕೀ ಕಳವಾಗಿ ಅಮೆರಿಕದ ಖಜಾನೆ ಇಲಾಖೆಯ ಕಂಪ್ಯೂಟರುಗಳವರೆಗೆ ಹ್ಯಾಕರ್‌ಗಳು ಹೋದರು.

ಸಾಧನಗಳ ಕಡೆ ಬಂದರೆ ಭದ್ರತಾ ಕ್ಯಾಮೆರಾಗಳ ಕಂಪನಿ ವರ್ಕಾಡಾದ ಪ್ರಕರಣ ತುಂಬ ಹೇಳುತ್ತದೆ. 2021ರ ಮಾರ್ಚ್‌ನಲ್ಲಿ ಆ ಕಂಪನಿಯ ಸೂಪರ್ ಅಡ್ಮಿನ್ (ಎಲ್ಲ ಅಧಿಕಾರವಿರುವ) ಖಾತೆಯ ಹೆಸರು, ಪಾಸ್‌ವರ್ಡ್ ಸಿಕ್ಕ ಹ್ಯಾಕರ್‌ಗಳ ಮುಂದೆ ಸುಮಾರು 1.5 ಲಕ್ಷ ಕ್ಯಾಮೆರಾಗಳು ತೆರೆದುಕೊಂಡವು. ಆಸ್ಪತ್ರೆಗಳು, ಜೈಲುಗಳು, ಕಾರ್ಖಾನೆಗಳು ಅದರಲ್ಲಿದ್ದವು. ಅಷ್ಟೇ ಅಲ್ಲದೆ ಕ್ಯಾಮೆರಾಗಳೊಳಗೆ ತಮ್ಮದೇ ಆದೇಶಗಳನ್ನು ನಡೆಸುವ ಪೂರ್ಣ ಅಧಿಕಾರವೂ ಅವರಿಗೆ ಸಿಕ್ಕಿತು, ಅದಕ್ಕಾಗಿ ಏನನ್ನೂ ಮುರಿಯಬೇಕಾಗಲಿಲ್ಲ. ದುರಸ್ತಿಗೆಂದು ಕಂಪನಿಯೇ ಆ ಸೌಲಭ್ಯ ಇಟ್ಟಿತ್ತು. ಫರ್ಮ್‌ವೇರ್ ಮತ್ತು ರಿಮೋಟ್ ಆಕ್ಸೆಸ್ ಬೇರೆ ಬೇರೆ ಎನ್ನುವವರ ಮುಂದೆ ನಾನು ಇಡುವ ಮೊದಲ ಉದಾಹರಣೆ ಇದು.

ಹೊರಗಿನ ಕಳ್ಳರೇ ಬೇಕೆಂದಿಲ್ಲ. ಮನೆ ಕ್ಯಾಮೆರಾಗಳನ್ನು ಮಾರುವ ರಿಂಗ್ ಕಂಪನಿಯ ನೌಕರರು, ಗುತ್ತಿಗೆದಾರರು ಒಂದು ಕಾಲಕ್ಕೆ ಗ್ರಾಹಕರ ವಿಡಿಯೋಗಳನ್ನು ಯಾವ ತಡೆಯೂ ಇಲ್ಲದೆ ನೋಡಬಹುದಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಕಂಪನಿ 58 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ದುರುದ್ದೇಶವೂ ಬೇಕೆಂದಿಲ್ಲ. 2024ರ ಫೆಬ್ರುವರಿಯಲ್ಲಿ ವೈಝ್ ಕ್ಯಾಮೆರಾಗಳ ಸೇವೆ ನಿಂತು ಮತ್ತೆ ಶುರುವಾದಾಗ, ಹೊಸದಾಗಿ ಸೇರಿಸಿದ್ದ ಕ್ಯಾಶಿಂಗ್ ಲೈಬ್ರರಿಯೊಂದು (ದತ್ತಾಂಶವನ್ನು ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ ಕೋಡ್) ಬಳಕೆದಾರರನ್ನೂ ಸಾಧನಗಳನ್ನೂ ಅದಲುಬದಲು ಮಾಡಿ, ಸುಮಾರು 13,000 ಜನರಿಗೆ ಬೇರೆಯವರ ಕ್ಯಾಮೆರಾದ ಚಿತ್ರಗಳು ಹೋದವು. 1,504 ಮಂದಿ ಅದನ್ನು ಒತ್ತಿಯೂ ನೋಡಿದರು. ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಆ ದಿನ ಉಪಯೋಗಕ್ಕೆ ಬರುತ್ತಿರಲಿಲ್ಲ.

ಅಪ್‌ಡೇಟ್ ಎಂಬ ಅಂತಿಮ ಅಧಿಕಾರ

ದೀಪ ಹಚ್ಚುವ, ವಿಡಿಯೋ ಕಳಿಸುವ ಆದೇಶಗಳಿಗಿಂತ ಆಳವಾದ ಅಧಿಕಾರ ಇನ್ನೊಂದಿದೆ. ಫರ್ಮ್‌ವೇರನ್ನೇ ಬದಲಾಯಿಸುವವರು ಸಾಧನ ಏನಾಗಿರಬೇಕೆಂದು ನಿರ್ಧರಿಸುತ್ತಾರೆ. ನಿನ್ನೆಯವರೆಗೆ ವಿಡಿಯೋವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದ ಕ್ಯಾಮೆರಾ ಇಂದು ಹೊರಗೆ ಕಳಿಸಬಹುದು, ಉಚಿತವಾಗಿದ್ದ ಸೌಲಭ್ಯಕ್ಕೆ ಚಂದಾ ಕೇಳಬಹುದು. ಕಂಪ್ಯೂಟರಿನಲ್ಲಿ ರಿಮೋಟ್ ಸಾಫ್ಟ್‌ವೇರ್ ಆಪರೇಟಿಂಗ್ ಸಿಸ್ಟಮ್ಮಿನ ಹಿಡಿತದಲ್ಲಿ ನಡೆಯುತ್ತದೆ, ಬೇಡವಾದರೆ ತೆಗೆದುಹಾಕಿ ಕಂಪ್ಯೂಟರ್ ಬಳಸುತ್ತಲೇ ಇರಬಹುದು. ಸಾಧನದಲ್ಲಿ ಫರ್ಮ್‌ವೇರೇ ಎಲ್ಲ. ಅದನ್ನು ತೆಗೆದರೆ ಉಳಿಯುವುದು ಪ್ಲಾಸ್ಟಿಕ್.

ಈ ಅಧಿಕಾರವನ್ನು ಕಾಯುವುದು ಡಿಜಿಟಲ್ ಸಹಿ. ತಯಾರಕರ ಗುಪ್ತ ಕೀಯಿಂದ ಸಹಿಯಾದ ಅಪ್‌ಡೇಟನ್ನು ಮಾತ್ರ ಚಿಪ್ ಒಪ್ಪಬೇಕು. ಅಗ್ಗದ ಸಾಧನಗಳು ಇದನ್ನು ಎಷ್ಟೋ ವರ್ಷ ಮಾಡಲಿಲ್ಲ. ಟುಯಾ ಕಂಪನಿಯ ಮಾಡ್ಯೂಲ್ ಇರುವ, ನೂರಾರು ಬ್ರಾಂಡುಗಳ ಹೆಸರಲ್ಲಿ ಮಾರಾಟವಾಗುತ್ತಿದ್ದ ಪ್ಲಗ್, ಬಲ್ಬುಗಳಿಗೆ ವೈಫೈ ಮೂಲಕವೇ ಬೇರೆ ಫರ್ಮ್‌ವೇರ್ ತುಂಬಬಹುದು ಎಂದು 2018ರ ಡಿಸೆಂಬರ್‌ನಲ್ಲಿ ಜರ್ಮನಿಯ ಕೇಯಾಸ್ ಎಂಬ ಹ್ಯಾಕರ್ ಸಮ್ಮೇಳನದಲ್ಲಿ ತೋರಿಸಲಾಯಿತು. ಅದೇ ಲೋಪದ ಮೇಲೆ ಕಟ್ಟಿದ ಟುಯಾ-ಕನ್ವರ್ಟ್ ಎಂಬ ಸಲಕರಣೆಯಿಂದ ಆಸಕ್ತರು ತಮ್ಮ ಸಾಧನಗಳಿಗೆ ಟಾಸ್ಮೋಟಾದಂಥ ಮುಕ್ತ ಫರ್ಮ್‌ವೇರ್ ಹಾಕಿ ಅವನ್ನು ಕ್ಲೌಡಿನಿಂದ ಬಿಡಿಸಿಕೊಂಡರು. ಕಂಪನಿ ಆಮೇಲೆ ಆ ದಾರಿ ಮುಚ್ಚಿತು. ಭದ್ರತೆಯ ದೃಷ್ಟಿಯಿಂದ ಮುಚ್ಚಿದ್ದು ಸರಿ, ಯಜಮಾನರು ಬಳಸಿದ ಅದೇ ಕಿಂಡಿಯನ್ನು ಕಳ್ಳರೂ ಬಳಸಬಹುದಿತ್ತು. ಆದರೆ ಕೊಂಡವರು ತಮ್ಮ ಸಾಧನಕ್ಕೆ ತಮಗೆ ಬೇಕಾದ ಫರ್ಮ್‌ವೇರ್ ಹಾಕಿಕೊಳ್ಳಲು ಸಕ್ರಮವಾದ ಇನ್ನೊಂದು ದಾರಿಯನ್ನು ಕೊಡದೆ ಮುಚ್ಚಿದ್ದು ಅನ್ಯಾಯ. ಬಟನ್ ಒತ್ತಿ ಹಿಡಿದಾಗ ಮಾತ್ರ ತೆರೆಯುವ, ಕೈಯಲ್ಲಿ ಸಾಧನ ಇರುವವರಿಗೆ ಮಾತ್ರ ಸಿಗುವ ವಿಧಾನವೊಂದನ್ನು ಇಡುವುದು ಎಂಜಿನಿಯರುಗಳಿಗೆ ಕಷ್ಟವೇನಲ್ಲ.

ಲೋಪ ಸಿಕ್ಕಾಗ ಎರಡೂ ಕಡೆಯವರು ನಡೆದುಕೊಳ್ಳುವ ರೀತಿಯಲ್ಲೂ ಅಂತರ ಕಾಣುತ್ತದೆ. 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ತನ್ನ ಸರ್ವರುಗಳಿಗೆ ಹ್ಯಾಕರ್‌ಗಳು ನುಸುಳಿದ್ದಾರೆಂದು ಪ್ರಕಟಿಸಿದಾಗ ಸಹಿಯ ಪ್ರಮಾಣಪತ್ರ ಬದಲಿಸಿತು, ತನ್ನ ಪೋರ್ಟಲಿನ ಪಾಸ್‌ವರ್ಡುಗಳನ್ನು ರದ್ದು ಮಾಡಿತು, ಹೊಸ ಆವೃತ್ತಿ ಹಾಕಿಕೊಳ್ಳಲು ಹೇಳಿತು. ಅದೇ ತಿಂಗಳು ಸ್ಕ್ರೀನ್‌ಕನೆಕ್ಟ್ ಎಂಬ ಇನ್ನೊಂದು ರಿಮೋಟ್ ಆಕ್ಸೆಸ್ ಸಾಫ್ಟ್‌ವೇರಿನಲ್ಲಿ ತೀವ್ರತೆ ಹತ್ತಕ್ಕೆ ಹತ್ತು ಎನಿಸಿಕೊಂಡ ಲೋಪ ಹೊರಬಿದ್ದಾಗ ಕ್ಲೌಡ್ ಗ್ರಾಹಕರ ಸರ್ವರುಗಳನ್ನು ಕಂಪನಿಯೇ ಸರಿಪಡಿಸಿತು. ಸ್ವಂತ ಸರ್ವರ್ ಇಟ್ಟುಕೊಂಡು ತಡ ಮಾಡಿದವರು ದಿನಗಳಲ್ಲೇ ದಾಳಿಗೆ ತುತ್ತಾದರು, ನಿಜ. ಆದರೂ ಏನಾಯಿತು, ಏನು ಮಾಡಬೇಕು ಎಂಬುದು ಬೇಗ ಸಾರ್ವಜನಿಕವಾಯಿತು. ವೈಝ್‌ನ ಕ್ಯಾಮೆರಾದ ಒಂದು ಲೋಪವನ್ನು ಬಿಟ್‌ಡಿಫೆಂಡರ್ ಎಂಬ ಭದ್ರತಾ ಸಂಸ್ಥೆ ಕಂಪನಿಗೆ ಮೊದಲು ತಿಳಿಸಿದ್ದು 2019ರಲ್ಲಿ, ಜಗತ್ತಿಗೆ ಗೊತ್ತಾದದ್ದು 2022ರ ಮಾರ್ಚ್‌ನಲ್ಲಿ. ಮೊದಲ ತಲೆಮಾರಿನ ಕ್ಯಾಮೆರಾಗೆ ಪರಿಹಾರ ಬರಲೇ ಇಲ್ಲ, ಅದರ ಬೆಂಬಲವನ್ನೇ ಕಂಪನಿ ನಿಲ್ಲಿಸಿತ್ತು.

ಕಂಪನಿಯೇ ನಿಂತುಹೋದರೆ? ಮನೆಯ ಸ್ಮಾರ್ಟ್ ಸಾಧನಗಳನ್ನು ಒಟ್ಟಿಗೆ ನಡೆಸುವ ರೆವಾಲ್ವ್ ಎಂಬ ಹಬ್ ಅನ್ನು ಕೊಂಡುಕೊಂಡ ನೆಸ್ಟ್ 2016ರ ಮೇನಲ್ಲಿ ಅದರ ಸರ್ವರ್ ಮುಚ್ಚಿದಾಗ ಚೆನ್ನಾಗಿದ್ದ ಯಂತ್ರಗಳು ಕೆಲಸಕ್ಕೆ ಬಾರದಾದವು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಸಾಧನಗಳ ಕಂಪನಿಯ ಸರ್ವರುಗಳು ಒಂದು ಮಾತೂ ಹೇಳದೆ ನಿಂತವು. ಎರಡು ತಿಂಗಳಲ್ಲಿ ಬಳಕೆದಾರರ ಗುಂಪೊಂದು ಅದನ್ನು ಕೊಂಡು ಮತ್ತೆ ನಡೆಸಿತು ಎಂಬುದು ಅಪರೂಪದ ಅದೃಷ್ಟ.

ಕಾನೂನು ಎಲ್ಲಿಯವರೆಗೆ

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಗಳಿಗೂ ಒಂದೇ ಕಾರ್ಖಾನೆ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ, ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆಂದು ಹೇಳಲೇಬೇಕು. ಎಷ್ಟು ವರ್ಷ ಕೊಡಬೇಕೆಂದು ಆ ಕಾನೂನು ಹೇಳುವುದಿಲ್ಲ. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆಕ್ಟ್ ಇನ್ನೂ ಮುಂದೆ ಹೋಗಿದೆ. 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಸಾಧನದ ಬಳಕೆಯ ಅವಧಿ ಸಹಜವಾಗಿ ಕಡಿಮೆಯಿದ್ದರೆ ಹೊರತು ಕನಿಷ್ಠ ಐದು ವರ್ಷ ಬೆಂಬಲ ಕೊಡಬೇಕು. ಡಿಜಿಟಲ್ ಅಂಶವಿರುವ ಹೆಚ್ಚಿನ ಉತ್ಪನ್ನಗಳೂ, ಅಂದರೆ ಮಾರಾಟದ ಸಾಫ್ಟ್‌ವೇರೂ ಬಲ್ಬೂ, ಒಂದೇ ವ್ಯಾಖ್ಯೆಯೊಳಗೆ ಬರುತ್ತವೆ. ಎರಡನ್ನೂ ಒಂದೇ ಅಳತೆಯಿಂದ ನೋಡಬೇಕೆಂಬ ಮಾತಿಗೆ ಇದು ದೊಡ್ಡ ಬಲ. ದತ್ತಾಂಶವನ್ನಾಗಲಿ ಸಾಧನದ ಕಾರ್ಯಗಳನ್ನಾಗಲಿ ಯಾರಾದರೂ ಮುಟ್ಟಿದರೆ, ಬದಲಾಯಿಸಿದರೆ ಅದನ್ನು ದಾಖಲಿಸುವ ವ್ಯವಸ್ಥೆಯನ್ನೂ ಅದು ಕೇಳುತ್ತದೆ. ಆ ದಾಖಲೆ ಮನೆಯವರಿಗೆ ಓದಲು ಬರುವ ರೂಪದಲ್ಲಿ, ಅವರ ಆಪ್‌ನಲ್ಲೇ, "ನಿನ್ನೆ ರಾತ್ರಿ ಇಷ್ಟು ಹೊತ್ತಿಗೆ ಈ ಖಾತೆಯಿಂದ ಕ್ಯಾಮೆರಾ ತೆರೆಯಲಾಯಿತು" ಎಂದು ಕಾಣಬೇಕು. ಸಿಬ್ಬಂದಿ ದುರಸ್ತಿಗೆ ಒಳಬಂದರೂ ಅದು ಅಲ್ಲಿ ಬರಬೇಕು.

2027ರ ಡಿಸೆಂಬರ್ 11ಕ್ಕೆ ಮೊದಲು ಮಾರಿದ ಸಾಧನಗಳಿಗೆ, ದೊಡ್ಡ ಬದಲಾವಣೆ ಮಾಡದ ಹೊರತು, ಆ ಮುಖ್ಯ ಕಟ್ಟಳೆಗಳು ಅನ್ವಯಿಸುವುದಿಲ್ಲ. ಈಗಾಗಲೇ ಗೋಡೆಯ ಮೇಲೆ ಇರುವ ಕ್ಯಾಮೆರಾದ ವಿಷಯದಲ್ಲಿ ಮಾಡಬಹುದಾದದ್ದು ನೆಟ್‌ವರ್ಕಿನಲ್ಲೇ. ಹೆಚ್ಚಿನ ರೂಟರುಗಳಲ್ಲಿ ಅತಿಥಿ ವೈಫೈ ಇರುತ್ತದೆ. ಸಾಧನಗಳನ್ನು ಅದಕ್ಕೆ ಸೇರಿಸಿದರೆ ಕಂಪ್ಯೂಟರ್, ಫೋನುಗಳಿಂದ ಅವು ದೂರ ಉಳಿಯುತ್ತವೆ. ಹೊರಗಿನಿಂದ ಕ್ಯಾಮೆರಾ ನೋಡಬೇಕಿದ್ದರೆ ರೂಟರಿನಲ್ಲಿ ಪೋರ್ಟ್ ತೆರೆಯುವುದಕ್ಕಿಂತ ವೈರ್‌ಗಾರ್ಡ್‌ನಂಥ ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ಮೂಲಕ ಮೊದಲು ಮನೆಯ ನೆಟ್‌ವರ್ಕಿಗೆ ಬಂದು, ಅಲ್ಲಿಂದ ನೋಡುವುದು ಎಷ್ಟೋ ವಾಸಿ. ಹೋಮ್ ಅಸಿಸ್ಟೆಂಟ್‌ನಂಥ ಮುಕ್ತ ವ್ಯವಸ್ಥೆಯನ್ನೂ ಇಎಸ್‌ಪಿಹೋಮ್‌ನಂಥ ಮುಕ್ತ ಫರ್ಮ್‌ವೇರನ್ನೂ ನಡೆಸಬಲ್ಲವರು ಕ್ಲೌಡನ್ನೇ ಬಿಡಬಹುದು, ಆದರೆ ಅಪ್‌ಡೇಟ್ ನೋಡಿಕೊಳ್ಳುವ ಹೊಣೆ ಆಗ ಅವರದೇ. ಹೊಸದಾಗಿ ಕೊಳ್ಳುವವರು, ವಾಪಸು ಮಾಡುವ ಅವಧಿ ಮುಗಿಯುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ: ರೂಟರಿನ ಇಂಟರ್ನೆಟ್ ತಂತಿ ಕಿತ್ತು, ವೈಫೈ ಹಾಗೇ ಬಿಟ್ಟು, ದೀಪ ಹೊತ್ತುತ್ತದೆಯೇ, ಬೀಗ ತೆರೆಯುತ್ತದೆಯೇ, ಕ್ಯಾಮೆರಾ ಫೋನಿನಲ್ಲಿ ಕಾಣುತ್ತದೆಯೇ ಎಂದು. ಯಾವುದೂ ನಡೆಯದಿದ್ದರೆ, ಆ ಸಾಧನ ಮನೆಯೊಳಗೂ ತಯಾರಕರ ಸರ್ವರಿನ ಅಪ್ಪಣೆಯಿಂದಲೇ ನಡೆಯುತ್ತಿದೆ.